ಬಿಸಿಲಿಗೆ ತಾನೇ ಕಪ್ಪಾಗುವ ಗಾಜು: ದಾವಣಗೆರೆಯ ಪಡುವಣ ಕಿಟಕಿಗೆ ಆಗುತ್ತಾ?

ಗ್ಲಾಸ್‌ಅಂಗಡಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು ಪಿ.ಬಿ. ರಸ್ತೆ ಹತ್ತಿರ ಗಾಜು, ಅಲ್ಯೂಮಿನಿಯಂ ಕಿಟಕಿ ಕೆಲಸದ ಅಂಗಡಿ. ಮೊನ್ನೆ ಒಬ್ಬ ಗಿರಾಕಿ ಬಂದಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದಾರೆ. ಪಡುವಣ ಗೋಡೆಗೆ ಆರಡಿ ಅಗಲದ ಕಿಟಕಿ ಇಟ್ಟುಬಿಟ್ಟಿದ್ದಾರೆ. ಯಾರು ಹೇಳಿದರೋ ಗೊತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ ಮೂರು ಗಂಟೆಯ ಮೇಲೆ ಆ ರೂಮಿನಲ್ಲಿ ಕೂರೋಕಾಗಲ್ಲ.

ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ತೆಳು ಹಳದಿ ಬಣ್ಣದ ಗಾಜಿನ ಚೂರು. ಬೆಳಕು ಬಿಟ್ಟರೆ ಕಪ್ಪಾಗುತ್ತದೆ, ಕತ್ತಲಲ್ಲಿ ಇಟ್ಟರೆ ಮತ್ತೆ ತಿಳಿಯಾಗುತ್ತದೆ. ವೈರಿಲ್ಲ, ಸ್ವಿಚ್ಚಿಲ್ಲ. "ಇದನ್ನೇ ಹಾಕಿಕೊಡಿ, ದುಡ್ಡಿನ ಯೋಚನೆ ಬೇಡ" ಅಂದರು. ದುಡ್ಡಿನ ಯೋಚನೆ ಬೇಡ ಅನ್ನುವ ಗಿರಾಕಿ ನಮಗೆ ವರ್ಷಕ್ಕೊಬ್ಬರು ಸಿಗೋದು. ಬಿಡಲು ಮನಸ್ಸಿಲ್ಲ.

ವಿಡಿಯೋದಲ್ಲಿ ಯಿಟ್ರಿಯಂ, ರೇರ್ ಅರ್ತ್ ಅಂತೆಲ್ಲ ಇತ್ತು. ನನಗೆ ಗೊತ್ತಿರೋದು ಫ್ಲೋಟ್, ಟಫನ್ಡ್, ರಿಫ್ಲೆಕ್ಟಿವ್, ಅಷ್ಟೇ. ಇದು ನಿಜವಾ? ಎಲ್ಲಿ ಸಿಗುತ್ತದೆ? ತಿಳಿದವರು ಸ್ವಲ್ಪ ಹೇಳಿ.

ಬಿಸಿಲುಕುದುರೆ

ಅಣ್ಣಾ, ವಿಡಿಯೋದಲ್ಲಿ ನೀರು ಹಾಕಿದರೆ ಓಡುವ ಬೈಕೂ ಇರುತ್ತದೆ. ನಂಬಬೇಡಿ.

ಕನ್ನಡಕದಂಗಡಿ_ದುರ್ಗ

ಇದು ಹೊಸದೇನಲ್ಲ. ನಾವು ದಿನಾ ಮಾರುತ್ತೇವೆ. ಬಿಸಿಲಿಗೆ ಹೋದರೆ ಕಪ್ಪಾಗುವ ಕನ್ನಡಕ, ಒಳಗೆ ಬಂದರೆ ತಿಳಿ. ಗಿರಾಕಿಗಳು 'ಆಟೋ ಕೂಲಿಂಗ್' ಅನ್ನುತ್ತಾರೆ. ಅದನ್ನೇ ದೊಡ್ಡದು ಮಾಡಿ ಕಿಟಕಿಗೆ ಹಾಕಿರಬೇಕು.

ಬಿಸಿಲುಕುದುರೆ

ಸರ್, ಆ ಕನ್ನಡಕದ ಕಥೆ ನನ್ನ ಹತ್ತಿರ ತೆಗೀಬೇಡಿ. ನಾನೂ ಒಂದು ಮಾಡಿಸಿಕೊಂಡಿದ್ದೆ. ಅಂಗಡಿ ಹೆಸರು ಬೇಡ. ಕೊಡುವಾಗ ಒಂದು ಚಿಕ್ಕ ನೀಲಿ ಟಾರ್ಚ್ ಬಿಟ್ಟು ಕಪ್ಪಾಗಿದ್ದು ತೋರಿಸಿದರು. ಆಮೇಲೆ ಕಾರು ಓಡಿಸುವಾಗ ಹಾಕಿಕೊಂಡರೆ ಒಂದು ದಿನವೂ ಕಪ್ಪಾಗಲಿಲ್ಲ. ಹೊಸಪೇಟೆವರೆಗೂ ಕಣ್ಣು ಕಿರಿದು ಮಾಡಿಕೊಂಡೇ ಹೋದೆ. ಎರಡು ವರ್ಷಕ್ಕೆ ಅದು ಸುಮ್ನೆ ಹಳದಿ ಕನ್ನಡಕ ಆಯಿತು.

ಕನ್ನಡಕದಂಗಡಿ_ದುರ್ಗ

ಮಾರಿದವರು ಒಂದು ಮಾತು ಹೇಳಬೇಕಿತ್ತು, ಹೇಳಿಲ್ಲ. ಈ ಲೆನ್ಸ್ ಕಪ್ಪಾಗೋದು ನೇರಳಾತೀತ ಬೆಳಕಿಗೆ, ಅಂದರೆ ಯುವಿಗೆ. ಕಾರಿನ ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಆ ಹಾಳೆ ಯುವಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಒಳಗೆ ಕೂತ ನಿಮ್ಮ ಕಣ್ಣಿಗೆ ಬಿಸಿಲು ಬಡಿಯುತ್ತದೆ, ಲೆನ್ಸಿಗೆ ಬೇಕಾದ್ದು ಮಾತ್ರ ಬರಲ್ಲ.

ಇನ್ನೊಂದು ವಿಷಯ. ಸೆಕೆ ಜಾಸ್ತಿ ಆದಷ್ಟೂ ಪ್ಲಾಸ್ಟಿಕ್ ಲೆನ್ಸ್ ಕಡಿಮೆ ಕಪ್ಪಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಜೋಗಿಮಟ್ಟಿ ಹತ್ತಿದರೆ ಚೆನ್ನಾಗಿ ಕಪ್ಪಾಗುತ್ತದೆ. ಮೇ ತಿಂಗಳಲ್ಲಿ ಸಂತೆಹೊಂಡದ ಹತ್ತಿರ ನಿಂತರೆ ಬರೀ ಬೂದು. ಗಿರಾಕಿಗೆ ಇದನ್ನು ಹೇಳಿದರೆ 'ಬಿಸಿಲು ಜಾಸ್ತಿ ಇದ್ದಾಗ ತಾನೇ ಕಪ್ಪಾಗಬೇಕು' ಅಂತ ನನ್ನನ್ನೇ ಗದರಿಸುತ್ತಾರೆ.

ಹಳೇಸ್ಟುಡಿಯೋ

ನಾನು ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಈಗ ಮೊಮ್ಮಗ ಬಂದು ಮೊಬೈಲಿನಲ್ಲಿ ಟೈಪ್ ಮಾಡೋದು ಕಲಿಸಿದ್ದಾನೆ. ಬೆಳಕಿಗೆ ಕಪ್ಪಾಗೋದು ನಮ್ಮ ಹೊಟ್ಟೆಪಾಡೇ ಆಗಿತ್ತಲ್ಲ. ಬ್ರೋಮೈಡ್ ಪೇಪರ್ ಪ್ಯಾಕೆಟ್ ಡಾರ್ಕ್ ರೂಮಿನ ಹೊರಗೆ ಬಿಚ್ಚಿದ ಹುಡುಗನಿಗೆ ಒಂದು ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. ಅದರಲ್ಲಿದ್ದದ್ದು ಬೆಳ್ಳಿಯ ಉಪ್ಪು, ಬೆಳ್ಳಿ ಮತ್ತು ಬ್ರೋಮಿನ್ ಕೂಡಿದ್ದು. ಬೆಳಕು ಬಿದ್ದರೆ ಬೆಳ್ಳಿ ಬೇರೆಯಾಗಿ ಕಪ್ಪಾಗುತ್ತದೆ. ಒಂದು ಸಲ ಕಪ್ಪಾದರೆ ಮುಗೀತು, ವಾಪಸ್ ಬರಲ್ಲ.

ಈಗ ನನ್ನ ಪ್ರಶ್ನೆ. ಕನ್ನಡಕ ಹೇಗೆ ವಾಪಸ್ ಬರುತ್ತದೆ? ಇಷ್ಟು ವರ್ಷದಲ್ಲಿ ಯಾರೂ ಹೇಳಿಲ್ಲ.

ಕೋಟೆಹುಡುಗ

ತಾತ, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ದುರ್ಗದವನು, ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗಾಜಿನ ಮೇಲೆ ತೆಳು ಪದರ ಕೂರಿಸೋದೇ ನನ್ನ ಕೆಲಸ. ಅಂಗಡಿ ಅಣ್ಣ ಕೇಳಿದ ಯಿಟ್ರಿಯಂ ಪದರವನ್ನೂ ಮಾಡಿದ್ದೇನೆ. ವಿಡಿಯೋ ಸುಳ್ಳಲ್ಲ.

ಮೊದಲು ಕನ್ನಡಕ. ಹಳೇ ಕಾಲದ, ಗಾಜಿನ ಲೆನ್ಸ್ ಇತ್ತಲ್ಲ, ಅದನ್ನು ಅಮೆರಿಕದ ಕಾರ್ನಿಂಗ್ ಕಂಪನಿಯ ಆರ್ಮಿಸ್ಟೆಡ್ ಮತ್ತು ಸ್ಟೂಕಿ 1964ರಲ್ಲಿ ಪ್ರಕಟಿಸಿದರು. ಅದರಲ್ಲೂ ನಿಮ್ಮ ಬೆಳ್ಳಿಯ ಉಪ್ಪೇ ಇರೋದು, ಜೊತೆಗೆ ಚಿಟಿಕೆ ತಾಮ್ರ. ಬೆಳಕಿಗೆ ಬೆಳ್ಳಿ ಬೇರೆಯಾಗುತ್ತದೆ, ಕಪ್ಪಾಗುತ್ತದೆ. ನಿಮ್ಮ ಪೇಪರಿನಲ್ಲಿ ಬೇರೆಯಾದ ಬ್ರೋಮಿನ್ ದೂರ ಹೋಗಿಬಿಡುತ್ತಿತ್ತು. ಗಾಜಿನೊಳಗೆ ಅದಕ್ಕೆ ಹೋಗಲು ದಾರಿಯಿಲ್ಲ, ಅಲ್ಲೇ ಪಕ್ಕದಲ್ಲಿ ಸಿಕ್ಕಿಬಿದ್ದಿರುತ್ತದೆ. ಬೆಳಕು ಹೋದಮೇಲೆ ಎರಡೂ ಮತ್ತೆ ಕೂಡಿಕೊಳ್ಳುತ್ತವೆ. ಗಂಡ ಹೆಂಡಿರು ಜಗಳವಾಡಿ ಒಂದೇ ರೂಮಿನ ಮನೆಯಲ್ಲಿದ್ದ ಹಾಗೆ.

ಈಗ ಮಾರುವ ಪ್ಲಾಸ್ಟಿಕ್ ಲೆನ್ಸಿನಲ್ಲಿ ಬೆಳ್ಳಿ ಇಲ್ಲ. ನ್ಯಾಫ್ತೋಪೈರಾನ್ ಅನ್ನುವ ಜಾತಿಯ ಅಣುಗಳಿರುತ್ತವೆ. ಯುವಿ ಬಿದ್ದರೆ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಚಪ್ಪಟೆಯಾಗುತ್ತದೆ, ಆಗ ಬಣ್ಣ ಬರುತ್ತದೆ. ಶಾಖ ಸಿಕ್ಕರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬಿಸಿಲು ಬಿಚ್ಚುತ್ತಿರುತ್ತದೆ, ಸೆಕೆ ಮುಚ್ಚುತ್ತಿರುತ್ತದೆ. ದುರ್ಗದ ಮೇ ತಿಂಗಳಲ್ಲಿ ಸೆಕೆ ಗೆಲ್ಲುತ್ತದೆ. ಹೀಗೆ ಬಿಚ್ಚಿ ಮುಚ್ಚಿ ವರ್ಷಗಟ್ಟಲೆ ಆದಮೇಲೆ ಕೆಲವು ಅಣುಗಳು ಕೆಟ್ಟುಹೋಗುತ್ತವೆ. ಬಿಸಿಲುಕುದುರೆಯವರ ಕನ್ನಡಕ ಹಳದಿಯಾಗಿದ್ದು ಹಾಗೆ.

ಯಿಟ್ರಿಯಂ ಪದರದ ಕಥೆ ಇವೆರಡಕ್ಕಿಂತ ಬೇರೆ. ರಾತ್ರಿ ಬರೆಯುತ್ತೇನೆ, ಈಗ ಪಂಪ್ ಆನ್ ಮಾಡಬೇಕು.

ಸೀರೆ_ಬಾಗಿಲಿಗೆ_ತನ್ನಿ

ಅವರು ಬರುವವರೆಗೆ ನನ್ನದೊಂದು. ಹೋದ ವರ್ಷ ನಮ್ಮತ್ತೆ ಒಂದು ಹರಳಿನ ಸರ ತಂದರು. ಬಿಸಿಲಲ್ಲಿ ತಿಳಿ ನೇರಳೆ. ಮನೆಗೆ ಬಂದು ಟ್ಯೂಬ್‌ಲೈಟ್ ಹಾಕಿದರೆ ತಿಳಿ ನೀಲಿ! ಮಾರಿದವನು ಅದಕ್ಕೊಂದು ಶನಿ ಕಥೆ ಬೇರೆ ಹೇಳಿ ಕಳಿಸಿದ್ದ. ಇದೂ ಅದೇ ತರಹದ್ದಾ?

ಕೋಟೆಹುಡುಗ

ಅಕ್ಕಾ, ಅದು ನಿಯೋಡಿಮಿಯಂ ಹಾಕಿದ ಗಾಜು ಅನಿಸುತ್ತದೆ. ನಿಯೋಡಿಮಿಯಂ ಕೂಡ ರೇರ್ ಅರ್ತ್ ಮನೆತನದ್ದೇ. ಆದರೆ ಆಟ ಬೇರೆ. ನಿಮ್ಮ ಸರದಲ್ಲಿ ಹರಳು ಬದಲಾಗಲ್ಲ, ಬೆಳಕು ಬದಲಾಗುತ್ತದೆ. ನಿಯೋಡಿಮಿಯಂ 580 ನ್ಯಾನೋಮೀಟರ್ ಆಸುಪಾಸಿನ ಹಳದಿ ಬೆಳಕನ್ನು ಕತ್ತರಿಸಿದ ಹಾಗೆ ನುಂಗುತ್ತದೆ. ಬಿಸಿಲಿನಲ್ಲಿ ಎಲ್ಲಾ ಬಣ್ಣವೂ ಇರುತ್ತದೆ, ಹಳದಿ ಕಳೆದರೆ ನೇರಳೆ ಉಳಿಯುತ್ತದೆ. ಟ್ಯೂಬ್‌ಲೈಟ್ ಎಲ್ಲಾ ಬಣ್ಣ ಕೊಡಲ್ಲ, ಕೆಲವೇ ಬಣ್ಣ ಆರಿಸಿ ಕೊಡುತ್ತದೆ. ಅದರಲ್ಲಿ ಕಳೆದು ಉಳಿಯೋದು ನೀಲಿ ಕಡೆಗೆ ವಾಲುತ್ತದೆ.

ಇದು ಹೌದೋ ಅಲ್ಲವೋ ನೋಡಲು ಸುಲಭ. ಟ್ಯೂಬ್‌ಲೈಟಿನಿಂದ ಬಿಸಿಲಿಗೆ ತಂದ ತಕ್ಷಣ ಬಣ್ಣ ಬದಲಾದರೆ ಅದು ಬೆಳಕಿನ ಆಟ. ನಿಧಾನಕ್ಕೆ ಬದಲಾಗಿ, ನಿಧಾನಕ್ಕೆ ವಾಪಸ್ ಬಂದರೆ ವಸ್ತುವೇ ಬದಲಾಗುತ್ತಿದೆ ಅಂತ. ಶನಿಗೂ ಇದಕ್ಕೂ ಸಂಬಂಧವಿಲ್ಲ.

ಸೀರೆ_ಬಾಗಿಲಿಗೆ_ತನ್ನಿ

ತಕ್ಷಣ ಬದಲಾಗುತ್ತದೆ. ಅಂದರೆ ಸೀರೆ ಅಂಗಡಿ ತರಹ! ಒಳಗೆ ಮೆಜೆಂತಾ, ಬಾಗಿಲಿಗೆ ತಂದರೆ ಕಡು ಗುಲಾಬಿ. ನಮ್ಮೂರ ಹೆಂಗಸರು ಸೀರೆಯನ್ನು ಬಾಗಿಲಿಗೆ ತಂದು ನೋಡದೆ ದುಡ್ಡು ಬಿಚ್ಚಲ್ಲ. ನನ್ನ ಹೆಸರೇ ನೋಡಿ. ಅತ್ತೆಗೆ ಈಗ ಶನಿ ಬಿಟ್ಟಿತು ಅಂತ ಹೇಳುತ್ತೇನೆ.

ಕೋಟೆಹುಡುಗ

ಸರಿ, ಈಗ ಯಿಟ್ರಿಯಂ. ಸ್ವಲ್ಪ ಉದ್ದ ಇದೆ, ಚಹಾ ತಗೊಂಡು ಓದಿ.

ರೇರ್ ಅರ್ತ್ ಅಂದರೆ 17 ಧಾತುಗಳ ಗುಂಪು. ಹೆಸರಿನಲ್ಲಿ 'ಅಪರೂಪ' ಅಂತಿದ್ದರೂ ಭೂಮಿಯ ಪದರದಲ್ಲಿ ಯಿಟ್ರಿಯಂ ಸೀಸಕ್ಕಿಂತ ಜಾಸ್ತಿ ಇದೆ. ಒಂದೇ ಕಡೆ ಗುಡ್ಡೆಯಾಗಿ ಸಿಗಲ್ಲ, ಒಂದರಿಂದ ಒಂದನ್ನು ಬಿಡಿಸೋದು ಕಷ್ಟ, ಅದಕ್ಕೇ ಅಪರೂಪ. ಯಿಟ್ರಿಯಂ ಹೆಸರು ಬಂದದ್ದು ಸ್ವೀಡನ್ನಿನ ಇಟರ್‌ಬಿ ಅನ್ನುವ ಸಣ್ಣ ಊರಿಂದ. ಆ ಒಂದು ಊರಿನ ಹೆಸರನ್ನು ನಾಲ್ಕು ಧಾತುಗಳು ಹಂಚಿಕೊಂಡಿವೆ.

1996ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೈಬರ್ಟ್ಸ್, ಗ್ರಿಸೆನ್ ಮತ್ತವರ ಜೊತೆಯವರು ಒಂದು ವಿಚಿತ್ರ ಪ್ರಕಟಿಸಿದರು. ಯಿಟ್ರಿಯಂ ಲೋಹದ ತೆಳು ಪದರ, ಮೇಲೆ ಒಂದಿಷ್ಟು ಪೆಲ್ಲೇಡಿಯಂ. ಅದಕ್ಕೆ ಹೈಡ್ರೋಜನ್ ಗಾಳಿ ಉಣಿಸಿದರು. ಒಂದು ಯಿಟ್ರಿಯಂಗೆ ಎರಡು ಹೈಡ್ರೋಜನ್ ಇದ್ದಾಗ ಅದು ಕನ್ನಡಿ. ಮೂರರ ಹತ್ತಿರ ಬಂದರೆ ಆಚೆ ಬದಿ ಕಾಣುವ ಹಳದಿ ಗಾಜು. ಹೈಡ್ರೋಜನ್ ತೆಗೆದರೆ ಮತ್ತೆ ಕನ್ನಡಿ. ಲೋಹವೊಂದು ಕಣ್ಣೆದುರಿಗೇ ಗಾಜಾಗೋದು ಅಂದರೆ ಸಣ್ಣ ಮಾತಲ್ಲ. ಆದರೆ ಅದಕ್ಕೆ ಹೈಡ್ರೋಜನ್ ಸಿಲಿಂಡರ್ ಬೇಕು, ಮನೆ ಕಿಟಕಿಗೆ ಯಾರು ತಂದಿಡುತ್ತಾರೆ?

2007ರಲ್ಲಿ ಜಪಾನಿನವರು ಯಿಟ್ರಿಯಂ ಹೈಡ್ರೈಡು, ಅಂದರೆ ಹೀಗೆ ಹೈಡ್ರೋಜನ್ ಕೂಡಿದ ಯಿಟ್ರಿಯಂ, ಬೆಳಕಿಗೂ ಬಣ್ಣ ಬದಲಿಸುತ್ತದೆ ಅಂತ ತೋರಿಸಿದರು. ಅವರಿಗೆ ಅದು ಕಂಡದ್ದು ಭಾರೀ ಒತ್ತಡದಲ್ಲಿ ಹಿಸುಕಿದಾಗ. 2011ರಲ್ಲಿ ನಾರ್ವೆಯ ಶೆಲ್ಲರ್ ಊರಿನ ಶಕ್ತಿ ಸಂಶೋಧನಾ ಸಂಸ್ಥೆಯ ತ್ರಿಗ್ವೆ ಮೊಂಗ್‌ಸ್ಟಾಡ್ ಮತ್ತು ಜೊತೆಯವರು, ನೆದರ್ಲೆಂಡ್ಸಿನ ಡೆಲ್ಫ್ಟ್‌ನವರ ಜೊತೆ ಸೇರಿ, ಮಾಮೂಲಿ ಗಾಳಿ, ಮಾಮೂಲಿ ಶಾಖದಲ್ಲೇ ಬೆಳಕಿಗೆ ಕಪ್ಪಾಗುವ ಪದರ ತೋರಿಸಿದರು. ಗುಟ್ಟು ಏನು ಗೊತ್ತಾ? ಅದರೊಳಗೆ ಆಕ್ಸಿಜನ್ ಸೇರಿಕೊಂಡಿತ್ತು. ಅಂದರೆ ಅದು ಬರೀ ಹೈಡ್ರೈಡ್ ಅಲ್ಲ, ಯಿಟ್ರಿಯಂ, ಹೈಡ್ರೋಜನ್, ಆಕ್ಸಿಜನ್ ಮೂರೂ ಕೂಡಿದ ಆಕ್ಸಿಹೈಡ್ರೈಡ್. 2017ರಲ್ಲಿ ಡೆಲ್ಫ್ಟ್‌ನವರು ಗ್ಯಾಡೊಲಿನಿಯಂ, ಡಿಸ್ಪ್ರೋಸಿಯಂ, ಎರ್ಬಿಯಂನಲ್ಲೂ ಇದೇ ಗುಣ ತೋರಿಸಿದರು. ಹಾಗಾಗಿ ಇದು ಯಿಟ್ರಿಯಂ ಒಂದರ ಚಾಳಿಯಲ್ಲ, ಆ ಮನೆತನದ ಚಾಳಿ.

ಹಳೇಸ್ಟುಡಿಯೋ

ಚೆನ್ನಾಗಿ ಹೇಳಿದೆ ತಮ್ಮಾ. ಕಪ್ಪು ಎಲ್ಲಿಂದ ಬರುತ್ತದೆ ಅಂತ ಹೇಳಲಿಲ್ಲ. ಇಲ್ಲಿ ಬೆಳ್ಳಿ ಇಲ್ಲವಲ್ಲ?

ಕೋಟೆಹುಡುಗ

ಅದೇ ತಾತ, ಎಲ್ಲರೂ ಜಗಳವಾಡುವ ಜಾಗ. ಪದರ ತೆಳು ಹಳದಿ ಕಾಣೋದು ಅದು ನೀಲಿ ಬೆಳಕನ್ನು ಹೀರುವುದರಿಂದ. ಆ ನೀಲಿ ಮತ್ತು ಯುವಿಯೇ ಕೆಲಸ ಶುರು ಮಾಡೋದು. ಹೀರಿದ ಶಕ್ತಿಗೆ ಒಳಗಿನ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ಹೈಡ್ರೋಜನ್ ಜಾಗ ಬದಲಿಸುತ್ತದೆ, ಅಲ್ಲಲ್ಲಿ ಲೋಹದ ಗುಣವಿರುವ ಪುಟ್ಟ ಪುಟ್ಟ ದ್ವೀಪಗಳಾಗುತ್ತವೆ ಅನ್ನೋದು ಒಂದು ವಾದ. ಆ ದ್ವೀಪಗಳೇ ಬೆಳಕು ನುಂಗಿ ಕಪ್ಪು ಕಾಣಿಸುತ್ತವೆ. ಒಂದು ಲೆಕ್ಕದಲ್ಲಿ ನಿಮ್ಮ ಬೆಳ್ಳಿ ಚುಕ್ಕಿಗಳೇ, ಬೇರೆ ವೇಷದಲ್ಲಿ. ಆಕ್ಸಿಜನ್ ಓಡಾಟವೇ ಮುಖ್ಯ ಅನ್ನುವವರೂ ಇದ್ದಾರೆ. ಕೈಗೆ ಸಿಗುವ ಸಾಕ್ಷಿ ಏನೆಂದರೆ, ಕಪ್ಪಾದಾಗ ಪದರದಲ್ಲಿ ವಿದ್ಯುತ್ ಮೊದಲಿಗಿಂತ ಸಲೀಸಾಗಿ ಹರಿಯುತ್ತದೆ. ಒಳಗಿನ ಅಣುಗಳ ಜೋಡಣೆ ಕೂದಲೆಳೆಯಷ್ಟೂ ಅಲ್ಲ, ಇನ್ನೂ ಕಡಿಮೆ, ಕುಗ್ಗುತ್ತದೆ. ಬೆಳಕು ತೆಗೆದರೆ ಎರಡೂ ಹಿಂದಕ್ಕೆ ಬರುತ್ತವೆ.

ಬಿಸಿಲುಕುದುರೆ

ಒಪ್ಪಿದೆ, ವಿಡಿಯೋ ನಿಜ. ನೀರಿನ ಬೈಕ್ ಮಾತ್ರ ಈಗಲೂ ಸುಳ್ಳು. ಇದನ್ನು ಮಾಡೋದು ಹೇಗೆ? ಪೇಂಟ್ ತರಹ ಬಳಿಯೋದಾ?

ಕೋಟೆಹುಡುಗ

ಬಳಿಯೋದಲ್ಲ. ಸ್ಪಟ್ಟರಿಂಗ್ ಅನ್ನುತ್ತೇವೆ. ಒಂದು ಸ್ಟೀಲ್ ಡಬ್ಬ, ಪ್ರೆಷರ್ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ, ಆದರೆ ಒಳಗೆ ಹೊರಗಿನಷ್ಟೂ ಒತ್ತಡ ಇರಲ್ಲ, ಗಾಳಿಯನ್ನೆಲ್ಲ ಪಂಪ್ ಹೀರಿರುತ್ತದೆ. ಒಂದು ಕಡೆ ಯಿಟ್ರಿಯಂ ಬಿಲ್ಲೆ, ಎದುರಿಗೆ ಗಾಜು. ಸ್ವಲ್ಪ ಆರ್ಗಾನ್, ಸ್ವಲ್ಪ ಹೈಡ್ರೋಜನ್ ಬಿಟ್ಟು ಕರೆಂಟ್ ಕೊಟ್ಟರೆ ಒಳಗೆ ಬಣ್ಣದ ಬೆಳಕು ಹತ್ತಿಕೊಳ್ಳುತ್ತದೆ. ಆರ್ಗಾನ್ ಕಣಗಳು ಬಿಲ್ಲೆಗೆ ಗುದ್ದುತ್ತವೆ, ಯಿಟ್ರಿಯಂ ಅಣುಗಳು ಚಿಮ್ಮಿ ಎದುರಿನ ಗಾಜಿಗೆ ಅಂಟುತ್ತವೆ, ಅಲ್ಲಿ ಕೂರುವಾಗ ಹೈಡ್ರೋಜನ್ ಸೇರಿಸಿಕೊಳ್ಳುತ್ತವೆ. ಪದರದ ದಪ್ಪ ತಲೆಗೂದಲಿನ ನೂರನೇ ಒಂದು ಪಾಲು ಇದ್ದರೆ ಹೆಚ್ಚು.

ನಾನು ಮೊದಲ ಸಲ ಮಾಡಿದಾಗ ಆದ ಅವಾಂತರ ಹೇಳುತ್ತೇನೆ. ಗ್ಯಾಸಿನ ಒತ್ತಡ ಕಡಿಮೆ ಇಟ್ಟುಬಿಟ್ಟೆ. ಒತ್ತಡ ಕಡಿಮೆಯಾದರೆ ಪದರ ಗಟ್ಟಿಯಾಗಿ, ಸಂದಿಲ್ಲದೆ ಬೆಳೆಯುತ್ತದೆ. ಹೊರಗೆ ತೆಗೆದೆ. ಗಾಳಿ ತಗುಲಿದರೆ ಆಕ್ಸಿಜನ್ ಒಳಗೆ ಇಳಿದು ತಿಳಿಯಾಗಬೇಕು. ನಾನೂ ನನ್ನ ಜೊತೆಯ ಹುಡುಗಿಯೂ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆವು. ಅದು ಕಪ್ಪು ಕನ್ನಡಿಯಾಗಿಯೇ ಇತ್ತು. ನಮ್ಮಿಬ್ಬರ ಮುಖ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಸಲ ಒತ್ತಡ ಏರಿಸಿದೆ. ಪದರ ಸ್ವಲ್ಪ ಸಡಿಲವಾಗಿ, ರಂಧ್ರ ರಂಧ್ರವಾಗಿ ಬೆಳೆಯಿತು. ಹೊರಗೆ ತೆಗೆದರೆ ಮಂಜು ಕರಗಿದ ಹಾಗೆ ತಿಳಿಯಾಗುತ್ತಾ ಬಂತು. ದೋಸೆಗೆ ಕಣ್ಣು ಬಿದ್ದರೆ ತಾನೇ ಬೆಣ್ಣೆ ಇಳಿಯೋದು, ಅಲ್ವಾ ದಾವಣಗೆರೆಯವರೇ?

ಹಾಗಂತ ಆಕ್ಸಿಜನ್ ಮಿತಿಮೀರಿ ಸೇರಿದರೂ ಕೆಟ್ಟಿತು. ಬರೀ ಯಿಟ್ರಿಯಂ ಆಕ್ಸೈಡ್ ಆಗಿ ಸುಮ್ನೆ ಗಾಜಿನ ತರಹ ಕೂರುತ್ತದೆ, ಬೆಳಕು ಬಿಟ್ಟರೂ ಅಲುಗಾಡಲ್ಲ.

ಹಿರಿಯೂರಿನವನು

ನಮ್ಮ ಜಿಲ್ಲೆಯಲ್ಲಿ ಗಣಿ ಇದೆಯಲ್ಲ, ಇಂಗಳದಾಳದಲ್ಲಿ. ಈ ರೇರ್ ಅರ್ತ್ ಅಲ್ಲೇ ಸಿಗಬಹುದಾ? ಸಿಕ್ಕರೆ ನಮ್ಮ ತೋಟದ ಬೆಲೆ ಏರುತ್ತದೆ.

ಕೋಟೆಹುಡುಗ

ಇಂಗಳದಾಳದ್ದು ತಾಮ್ರದ ಅದಿರು ಅಣ್ಣಾ. ನಮ್ಮ ದೇಶದಲ್ಲಿ ರೇರ್ ಅರ್ತ್ ಮುಖ್ಯವಾಗಿ ಬರೋದು ಕಡಲ ತೀರದ ಮರಳಿನಲ್ಲಿರುವ ಮೊನಜೈಟ್ ಅನ್ನುವ ಖನಿಜದಿಂದ, ಕೇರಳ, ಒಡಿಶಾ ಕಡೆ. ಸರ್ಕಾರದ ಕಂಪನಿ 1950ರಲ್ಲೇ ಶುರುವಾಗಿದೆ. ಆ ಮರಳಲ್ಲೂ ಜಾಸ್ತಿ ಇರೋದು ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ. ತೋಟದಲ್ಲಿ ಅಡಿಕೆ ಹಾಗೇ ಇರಲಿ.

ಗ್ಲಾಸ್‌ಅಂಗಡಿ_ದಾವಣಗೆರೆ

ತಮ್ಮಾ, ಎಲ್ಲಾ ಓದಿದೆ. ಒಂದು ಸಲ ಅಲ್ಲ, ಮೂರು ಸಲ. ಈಗ ನನ್ನ ಪ್ರಶ್ನೆಗೆ ಬಾ. ಆರಡಿ ಕಿಟಕಿ. ಪಡುವಣ. ಗಿರಾಕಿ ನಾಳಿದ್ದು ಬರುತ್ತಾರೆ. ಹಾಕಬಹುದಾ, ಇಲ್ವಾ?

ಕೋಟೆಹುಡುಗ

ಇಲ್ಲ ಅಣ್ಣಾ. ಆರಡಿ ಗಾಜಾಗಿ ತಂದುಕೊಡಲು ನಿಮಗೆ ಸಿಗಲ್ಲ. ನಾವು ಮಾಡೋದು ಬೆಂಕಿಪೊಟ್ಟಣದ ಅಳತೆಯ ಚೂರುಗಳು.

ಸಿಕ್ಕರೂ ಹಾಕಿ ಅಂತ ನಾನು ಹೇಳಲ್ಲ, ಕಾರಣ ಕೇಳಿ. ಮೊದಲನೆಯದು, ವಾಪಸ್ ಬರುವ ವೇಗ. ಕಪ್ಪಾಗಲು ನಿಮಿಷಗಳು, ತಿಳಿಯಾಗಲು ಗಂಟೆಗಟ್ಟಲೆ ಆಗಬಹುದು. ಸಂಜೆ ಮೋಡ ಕವಿದರೂ ರೂಮು ಕತ್ತಲೆಯಾಗಿಯೇ ಇರುತ್ತದೆ. ಮತ್ತೆ ಅದಕ್ಕೆ ಒಂಥರಾ ನೆನಪಿನ ಶಕ್ತಿ ಇದೆ. ಮತ್ತೆ ಮತ್ತೆ ಬಿಸಿಲಿಗೆ ಹಿಡಿದರೆ ಪ್ರತಿ ಸಲ ತಿಳಿಯಾಗೋದು ಇನ್ನೂ ನಿಧಾನವಾಗುತ್ತದೆ.

ಎರಡನೆಯದೇ ನಿಮಗೆ ಮುಖ್ಯ. ಇದು ಬೆಳಕನ್ನು ಹೊರಗೆ ದೂಡಲ್ಲ, ತಾನೇ ಹೀರುತ್ತದೆ. ಹೀರಿದ್ದು ಶಾಖವಾಗಲೇಬೇಕು. ಮಧ್ಯಾಹ್ನ ಕಪ್ಪು ಬೈಕಿನ ಸೀಟಿನ ಮೇಲೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಜು ಕಾದು, ಆ ಕಾವಿನ ಒಂದು ಪಾಲು ರೂಮಿನೊಳಗೇ ಬರುತ್ತದೆ. ಕಣ್ಣು ಕುಕ್ಕೋದು ತಪ್ಪುತ್ತದೆ, ಸೆಕೆ ಅಂದುಕೊಂಡಷ್ಟು ತಪ್ಪಲ್ಲ. ಎರಡು ಗಾಜು ಮಾಡಿ ಹೊರಗಿನದರ ಮೇಲೆ ಪದರ ಇಟ್ಟರೆ ವಾಸಿ, ಆದರೆ ಖರ್ಚು ಡಬಲ್.

ಒಳ್ಳೆಯದೂ ಇದೆ. ಕನ್ನಡಕದ ಮಾಮೂಲಿ ಪ್ಲಾಸ್ಟಿಕ್ ಲೆನ್ಸ್ ಯುವಿ ಇಲ್ಲದೆ ಎದ್ದೇಳಲ್ಲ. ಇದು ನೀಲಿ ಬೆಳಕಿಗೂ ಎಚ್ಚರವಾಗುತ್ತದೆ. ಇನ್ನೊಂದು ಗಾಜಿನ ಹಿಂದೆ ಇಟ್ಟರೂ ಕೆಲಸ ಮಾಡುತ್ತದೆ. ಕಪ್ಪಾದಾಗಲೂ ಎಲ್ಲಾ ಬಣ್ಣವನ್ನೂ ಹೆಚ್ಚುಕಮ್ಮಿ ಸಮವಾಗಿ ತಡೆಯುತ್ತದೆ, ಹಾಗಾಗಿ ಹೊರಗಿನ ಮರ ಹಸಿರಾಗಿಯೇ ಕಾಣುತ್ತದೆ. ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣದಲ್ಲೂ ಸ್ವಲ್ಪ ತಡೆಯುತ್ತದೆ. ನನಗೆ ಈ ಪದರದ ಮೇಲೆ ಪ್ರೀತಿ ಇಲ್ಲದೆ ಇಲ್ಲ. ನಿಮ್ಮ ಗಿರಾಕಿಯ ಕಿಟಕಿಗೆ ಅಲ್ಲ, ಅಷ್ಟೇ.

ಬಿಸಿಲುಕುದುರೆ

ಕಾರಿಗೆ? ಪೊಲೀಸರಿಗೆ 'ಸರ್, ಈಗ ಕಪ್ಪು, ನೆರಳಿಗೆ ಬನ್ನಿ ತೋರಿಸ್ತೀನಿ' ಅನ್ನಬಹುದು.

ಕನ್ನಡಕದಂಗಡಿ_ದುರ್ಗ

ಸುಪ್ರೀಂ ಕೋರ್ಟು 2012ರಲ್ಲೇ ಕಪ್ಪು ಫಿಲ್ಮ್ ಕೀಳಿಸಿದ್ದು ಮರೆತಿರಾ? ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50 ಬೆಳಕು ದಾಟಲೇಬೇಕು. ಬಿಸಿಲಿನ ಮೂಡಿಗೆ ತಕ್ಕ ಹಾಗೆ ಏರಿ ಇಳಿಯುವ ಗಾಜಿಗೆ ದಂಡ ಎಷ್ಟು ಅಂತ ರಸ್ತೆಯಲ್ಲಿ ಚರ್ಚೆ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಹಾಕಿ.

ಚಳ್ಳಕೆರೆ_ಸೈನ್ಸ್‌ಮೇಡಂ

ತಡವಾಗಿ ಬಂದೆ, ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ. ಅಂಗಡಿಯವರಿಗೆ ಒಂದು ಮಾತು. ನಮ್ಮ ಕಡೆ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಕಂಬ ನೆಟ್ಟರೆ ಅದರ ನೆರಳು ಬುಡದಲ್ಲೇ ಮುಗಿಯುತ್ತದೆ. ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಅಂದರೆ ಮಧ್ಯಾಹ್ನದ ಬಿಸಿಲು ಕಿಟಕಿಗೆ ಬೀಳೋದೇ ಇಲ್ಲ, ಸಜ್ಜಾ ಸಾಕು. ಕಾಟ ಕೊಡೋದು ಮೂರರಿಂದ ಆರರವರೆಗೆ ಓರೆಯಾಗಿ ಒಳಗೆ ನುಗ್ಗುವ ಪಡುವಣ ಬಿಸಿಲು. ಅದಕ್ಕೆ ಸಜ್ಜಾ ಸಾಲದು, ನಿಂತ ತಡೆ ಬೇಕು. ಕಿಟಕಿಯ ಹೊರಗೆ ಒಂದಡಿ ಬಿಟ್ಟು ಜಾಲಂದ್ರ ಅಥವಾ ಬಿದಿರು ತಟ್ಟಿ. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಗಾಜಿಗೆ ಬಂದಮೇಲೆ ತಡೆದರೆ ಅರ್ಧ ಸೋತ ಹಾಗೆ.

ಕನ್ನಡಕದಂಗಡಿಯವರೇ, ನಿಮ್ಮ ಹತ್ತಿರ ಗೀರು ಬಿದ್ದ, ಮಾರಲಾಗದ ಆಟೋ ಲೆನ್ಸ್ ಇದ್ದರೆ ಎರಡು ಕಳಿಸುತ್ತೀರಾ? ಆ ಸೆಕೆಯ ವಿಷಯ ಮಕ್ಕಳಿಗೆ ಮಾಡಿ ತೋರಿಸಬೇಕು. ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ನಮಗೆ ತರಬೇತಿ ಕೊಟ್ಟಾಗ ಇಂಥ ಸಣ್ಣ ಪ್ರಯೋಗಗಳೇ ನನಗೆ ತುಂಬಾ ಹಿಡಿಸಿದ್ದು.

ಕನ್ನಡಕದಂಗಡಿ_ದುರ್ಗ

ಆರು ಇವೆ ಮೇಡಂ. ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.

ಚಳ್ಳಕೆರೆ_ಸೈನ್ಸ್‌ಮೇಡಂ

ಲೆನ್ಸ್ ಬಂದವು. ಇವತ್ತು ಮಾಡಿದೆವು. ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಐಸ್ ನೀರಿನಲ್ಲಿ, ಇನ್ನೊಂದನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒರೆಸಿ, ಎರಡನ್ನೂ ಒಟ್ಟಿಗೆ ಬಿಳಿ ಹಾಳೆಯ ಮೇಲೆ ಅಂಗಳದ ಬಿಸಿಲಿಗೆ ಇಟ್ಟೆವು. ಅರ್ಧ ನಿಮಿಷದಲ್ಲಿ ಐಸಿನದು ಇದ್ದಿಲಿನ ಹಾಗಾಯಿತು. ಬಿಸಿನೀರಿನದು ಹೊಗೆ ಹಿಡಿದ ಚಿಮಣಿಯಷ್ಟೇ. ಆಮೇಲೆ ಮೂರನೇ ಲೆನ್ಸಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟೆವು. ತೆಗೆದರೆ ಕಪ್ಪಿನ ನಡುವೆ ಒಂದು ಬಿಳಿ ಚಂದ್ರ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು "ಮಿಸ್, ಇದು ಫೋಟೋನೇ ಅಲ್ವಾ? ನಾಣ್ಯದ ಫೋಟೋ" ಅಂದಳು.

ಹಳೇಸ್ಟುಡಿಯೋ

ಆ ಮಗುವಿಗೆ ನನ್ನ ಪರವಾಗಿ ಒಂದು ಪೆನ್ನು ಕೊಡಿ ಮೇಡಂ. ಫೋಟೋನೇ. ಹೈಪೋದಲ್ಲಿ ಅದ್ದದೇ ಇರುವ ಫೋಟೋ. ಹೈಪೋಗೆ ಅದ್ದದಿದ್ದರೆ ಚಿತ್ರ ನಿಲ್ಲಲ್ಲ ಅಂತ ನಾನು ಎಷ್ಟು ಹುಡುಗರಿಗೆ ಬೈದಿದ್ದೇನೋ.

ಕೋಟೆಹುಡುಗ

ಮೇಡಂ, ತುಂಬಾ ಖುಷಿಯಾಯಿತು. ಈ ಭಾನುವಾರ ಊರಿಗೆ ಬರುತ್ತಿದ್ದೇನೆ, ದಾವಣಗೆರೆಯಲ್ಲಿ ಅಕ್ಕನ ಮನೆಗೂ ಹೋಗಬೇಕು. ಗೈಡ್ ಒಪ್ಪಿದ್ದಾರೆ, ಹಳೇ ಬ್ಯಾಚಿನ ಒಂದು ಯಿಟ್ರಿಯಂ ಚೂರು ತರುತ್ತೇನೆ. ಮೇಲೊಂದು ಕಾಪು ಪದರ ಇದೆ, ಮುಟ್ಟಿದರೆ ಹಾಳಾಗಲ್ಲ. ಅಂಗಡಿ ಅಣ್ಣಾ, ಇರುತ್ತೀರಾ?

ಗ್ಲಾಸ್‌ಅಂಗಡಿ_ದಾವಣಗೆರೆ

ಇರುತ್ತೇನೆ. ಬಿಸಿಲು ಇರುವಾಗಲೇ ಬಾ. ಮಂಡಕ್ಕಿ ಮೆಣಸಿನಕಾಯಿ ನನ್ನ ಲೆಕ್ಕ.

ಗ್ಲಾಸ್‌ಅಂಗಡಿ_ದಾವಣಗೆರೆ

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಹುಡುಗ ಬಂದಿದ್ದ. ಹಾಗೇ ಸ್ಟುಡಿಯೋ ಯಜಮಾನರೂ ಬಂದರು, ಇದೇ ಊರಿನವರು ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ಚೂರನ್ನು ಅವನು ಕಪ್ಪು ಫಾಯಿಲಿನಲ್ಲಿ ಸುತ್ತಿ ತಂದಿದ್ದ. ಬಿಚ್ಚಿದರೆ ನಿಂಬೆ ಷರಬತ್ತಿನ ಬಣ್ಣ, ಒಳ್ಳೆ ತಿಳಿ. ಅಂಚು ನೋಡಿದೆ, ಮಾಮೂಲಿ ಗಾಜೇ, ಕೊಯ್ದದ್ದು ಮಾತ್ರ ಅಷ್ಟು ಚೆನ್ನಾಗಿಲ್ಲ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟೆವು. ನಾನು ಶಟರಿನ ಬೀಗದಕೈ ಅದರ ಮೇಲಿಟ್ಟೆ. ಮೊದಲ ಎರಡು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ನೋಡುತ್ತಾ ನೋಡುತ್ತಾ ಚಹಾದ ಬಣ್ಣಕ್ಕೆ ಬಂತು, ಹದಿನೈದು ನಿಮಿಷಕ್ಕೆ ಕಡು ಬೂದು. ಹೊಳಪು ಬರಲಿಲ್ಲ, ಗಾಜಿನೊಳಗೇ ಯಾರೋ ಹೊಗೆ ತುಂಬಿದ ಹಾಗಿತ್ತು. ಬೀಗದಕೈ ತೆಗೆದರೆ ಅದರ ಹಲ್ಲು ಸಮೇತ ಹಳದಿ ಅಚ್ಚು. ಗಾಜು ಕೈಗೆ ಬೆಚ್ಚಗಿತ್ತು. ಪಕ್ಕದಲ್ಲೇ ಇಟ್ಟಿದ್ದ ಸಾದಾ ಚೂರು ಅಷ್ಟಿರಲಿಲ್ಲ. ಅವನು ಬರೆದದ್ದು ಆಗ ನನಗೆ ನಿಜವಾಗಿ ಅರ್ಥವಾಯಿತು.

ಗಿರಾಕಿಗೂ ಫೋನ್ ಮಾಡಿ ಕರೆಸಿದೆ. ಎರಡು ಚೂರನ್ನೂ ಅವರ ಕೈಗೆ ಕೊಟ್ಟೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಆಮೇಲೆ ಹೊರಗೆ ಜಾಲಂದ್ರಕ್ಕೆ ಅಳತೆ ತಗೋ ಅಂದರು. ಒಳಗೆ 5 ಎಂಎಂ ಸಾದಾ ಗಾಜು.

ಚೂರನ್ನು ಡ್ರಾಯರಿನಲ್ಲಿ ಇಟ್ಟು ಮಂಡಕ್ಕಿ ತಿಂದು ಬಂದೆವು. ಒಂದು ಗಂಟೆ ಮೇಲಾಗಿತ್ತು. ಯಜಮಾನರು ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಪ್ಪು ಅರ್ಧ ಇಳಿದಿತ್ತು. ಬೀಗದಕೈ ಮಸುಕಾಗಿ ಇನ್ನೂ ಕಾಣುತ್ತಿತ್ತು. "ಇನ್ನೂ ಹೋಗಿಲ್ಲ ನೋಡು" ಅಂದು ಮತ್ತೆ ಡ್ರಾಯರಿಗೆ ಇಟ್ಟರು.